ಹಳೇ ರಾಕ್ ಲೀಡ್ ಟೋನ್, ತುಮಕೂರಿನ ಸ್ಟೇಜು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಗುಬ್ಬಿ, ತಿಪಟೂರು, ಶಿರಾ ಕಡೆಯ ಆರ್ಕೆಸ್ಟ್ರಾಗಳಲ್ಲಿ, ಕಾಲೇಜು ಬ್ಯಾಂಡ್‌ಗಳಲ್ಲಿ ಲೀಡ್ ಗಿಟಾರ್ ಹಿಡಿದವರಿಗೆ ಏಳುವ ಪ್ರಶ್ನೆಗಳಿವು. ಎಲ್ಲ ಉತ್ತರಗಳ ಹಿಂದೆ ಇರುವ ಮಾತು ಒಂದೇ: ಗೇನ್ (ನಾದವನ್ನು ಒಡೆಯಿಸುವ ಮಟ್ಟ) ಅಂದುಕೊಂಡಿದ್ದಕ್ಕಿಂತ ಕಡಿಮೆ ಸಾಕು, ಮಿಡ್ (ಬಾಸ್, ಟ್ರೆಬಲ್ ನಡುವಿನ ಭಾಗ) ಜಾಸ್ತಿ ಬೇಕು, ಸ್ಪೀಕರ್‌ನ ಪಾಲು ಪೆಡಲ್‌ಗಿಂತ ದೊಡ್ಡದು.

ಕ್ಲಾಸಿಕ್ ರಾಕ್ ಲೀಡ್ ಟೋನ್ ಅಂದರೆ ಇಲ್ಲಿ ಯಾವುದು?

1960ರ ದಶಕದ ಮಧ್ಯದಿಂದ 1970ರ ದಶಕದ ಕೊನೆಯವರೆಗೆ ಬ್ರಿಟಿಷ್, ಅಮೆರಿಕನ್ ರಾಕ್‌ನಲ್ಲಿ ಕೇಳಿಬಂದ ಸೋಲೋ ನಾದ. ಅದರ ಬೇರು ವಾಲ್ವ್ ಆಂಪ್‌ನಲ್ಲಿದೆ. ಜಿಮ್ ಮಾರ್ಷಲ್ ಅವರ ಲಂಡನ್ ಅಂಗಡಿಯಲ್ಲಿ 1962ರಲ್ಲಿ ತಯಾರಾದ ಜೆಟಿಎಂ45 ಆಂಪ್, ಫೆಂಡರ್ ಬಾಸ್‌ಮನ್‌ನ ಸರ್ಕ್ಯೂಟನ್ನೇ ಮಾದರಿಯಾಗಿ ಇಟ್ಟುಕೊಂಡದ್ದು. ನಂತರ ಬಂದ 100 ವಾಟ್‌ನ ಸೂಪರ್ ಲೀಡ್‌ನಲ್ಲಿ ಮಾಸ್ಟರ್ ವಾಲ್ಯೂಮ್ (ಒಡೆತ ಹಾಗೇ ಉಳಿಸಿ ಒಟ್ಟು ಸದ್ದು ಇಳಿಸುವ ನಾಬ್) ಇರಲಿಲ್ಲ. ನಾದ ಒಡೆಯಬೇಕಾದರೆ, ಅಂದರೆ ಡಿಸ್ಟಾರ್ಷನ್ ಬರಬೇಕಾದರೆ, ವಾಲ್ಯೂಮ್ ಏರಿಸಲೇಬೇಕಿತ್ತು. ಆಗ ಇಎಲ್34 ಪವರ್ ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮೂರೂ ಒಟ್ಟಿಗೆ ಬಳಲುತ್ತಿದ್ದವು. ನಾವು ಇಷ್ಟಪಡುವುದು ಆ ಬಳಲಿಕೆಯ ಸದ್ದನ್ನು.

ಈ ಕುಟುಂಬದಲ್ಲಿ ಸ್ಥೂಲವಾಗಿ ಮೂರು ದಾರಿ: ಒಂದು, ಹಂಬಕರ್ (ಜೋಡಿ ಸುರುಳಿಯ ಪಿಕಪ್) ಗಿಟಾರ್ ನೇರ ಜೋರಾದ ಮಾರ್ಷಲ್‌ಗೆ; ಎರಡು, ಸ್ಟ್ರಾಟ್ (ಸಿಂಗಲ್ ಕಾಯಿಲ್, ಅಂದರೆ ಒಂಟಿ ಸುರುಳಿಯ ಪಿಕಪ್‌ನ) ಗಿಟಾರ್, ಫಜ್ ಪೆಡಲ್, ಆಮೇಲೆ ಮಾರ್ಷಲ್; ಮೂರು, ಸ್ಟ್ರಾಟ್, ಬಿಗ್ ಮಫ್‌ನಂಥ ಫಜ್ ಪೆಡಲ್, ಡಿಲೇ, ಒಡೆಯದೆ ಜೋರಾಗಿ ಕೇಳುವ ಹೈವಾಟ್‌ನಂಥ ಆಂಪ್. ನಿಮಗೆ ಯಾವುದು ಬೇಕೆಂದು ಮೊದಲು ತೀರ್ಮಾನಿಸಿ. ಮೂರನ್ನೂ ಒಂದೇ ಬೋರ್ಡ್‌ನಲ್ಲಿ ಹಿಡಿಯಲು ಹೋದವರಿಗೆ ಸಾಮಾನ್ಯವಾಗಿ ಒಂದೂ ದಕ್ಕುವುದಿಲ್ಲ.

ನನ್ನ ಹತ್ತಿರ ಸಾಧಾರಣ ಗಿಟಾರ್ ಇದೆ. ಅದನ್ನೇ ಬದಲಾಯಿಸಬೇಕಾ?

ಬೇಡ. ಟ್ಯೂನ್ ನಿಲ್ಲುತ್ತಿದ್ದರೆ ಸಾಕು. ಹಂಬಕರ್ ಇದ್ದರೆ ಮೊದಲ ದಾರಿ, ಸಿಂಗಲ್ ಕಾಯಿಲ್ ಇದ್ದರೆ ಉಳಿದೆರಡು ಸುಲಭ. ದುಡ್ಡು ಹಾಕುವ ಮೊದಲು ಪಿಕಪ್ ಎತ್ತರ ಸರಿಮಾಡಿ, ಅದಕ್ಕೆ ಸ್ಕ್ರೂಡ್ರೈವರ್ ಮತ್ತು ಸ್ಟೀಲ್ ಸ್ಕೇಲ್ ಬಿಟ್ಟು ಬೇರೇನೂ ಬೇಡ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್ ಪೋಲ್‌ನ ತಲೆಯವರೆಗೆ ಅಳೆಯಿರಿ. ಸ್ಟ್ರಾಟ್ ಮಾದರಿಗೆ ದಪ್ಪ ತಂತಿಯ ಕಡೆ 2.4 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಹಂಬಕರ್ ಆದರೆ ಬ್ರಿಡ್ಜ್‌ನಲ್ಲಿ 1.6, ನೆಕ್‌ನಲ್ಲಿ 2.4 ಮಿ.ಮೀ. ಇವು ಶುರುವಿನ ಅಳತೆ, ಆಮೇಲೆ ಕಿವಿ ಹೇಳಿದಂತೆ ಕಾಲು ಸುತ್ತು ಆಚೀಚೆ.

ಅಂಗಡಿಯಿಂದ ಬರುವ ಗಿಟಾರ್‌ಗಳಲ್ಲಿ ಪಿಕಪ್ ತೀರಾ ಮೇಲೆದ್ದಿರುವುದು ಮಾಮೂಲು. ಸಿಂಗಲ್ ಕಾಯಿಲ್‌ನ ಅಯಸ್ಕಾಂತ ತಂತಿಗೆ ಹತ್ತಿರವಾದರೆ ತಂತಿಯನ್ನೇ ಎಳೆಯುತ್ತದೆ: ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲೆಅಲೆಯಾಗಿ ಒಡೆಯುತ್ತದೆ, ಸಸ್ಟೇನ್ ಸಾಯುತ್ತದೆ. ಅದನ್ನು ಮುಚ್ಚಲು ಗೇನ್ ಏರಿಸುವವರೇ ಹೆಚ್ಚು.

100 ವಾಟ್ ಮಾರ್ಷಲ್ ಇಲ್ಲದೆ ಆ ಸೌಂಡ್ ಬರುತ್ತಾ?

ಮನೆಯಲ್ಲಿ 100 ವಾಟ್ ಇದ್ದರೂ ಬರುವುದಿಲ್ಲ, ಯಾಕೆಂದರೆ ನೀವು ಅದನ್ನು 1ಕ್ಕಿಂತ ಮೇಲೆ ತಿರುಗಿಸುವ ಹಾಗಿಲ್ಲ. ಎಸ್.ಎಸ್. ಪುರಂನಂಥ ಗೋಡೆಗೆ ಗೋಡೆ ತಾಗಿದ ಮನೆಗಳ ಬಡಾವಣೆಯಲ್ಲಂತೂ ಮೊದಲ ಬೆಂಡ್ ಮುಗಿಯುವ ಮುಂಚೆಯೇ ಕಾಲಿಂಗ್ ಬೆಲ್ ಕೇಳುತ್ತೆ.

ವಾಟ್ ಲೆಕ್ಕ ಬಹಳ ಜನರಿಗೆ ಗೊಂದಲ. ವಾಟ್ ಅರ್ಧವಾದರೆ ಇಳಿಯುವುದು 3 ಡೆಸಿಬಲ್ ಅಷ್ಟೇ. 100 ವಾಟ್ ಹತ್ತಕ್ಕಿಳಿದರೆ 10 ಡೆಸಿಬಲ್ ಇಳಿದು, ಕಿವಿಗೆ ಸುಮಾರು ಅರ್ಧದಷ್ಟು ಕೇಳುತ್ತೆ. ಅಂದರೆ 5 ವಾಟ್‌ನ ವಾಲ್ವ್ ಆಂಪ್ ಕೂಡ ಪೂರ್ತಿ ತಿರುಗಿಸಿದಾಗ ರೂಮಿಗೆ ಜಾಸ್ತಿಯೇ. ಡ್ರಮ್ಸ್ ಜೊತೆ ಸ್ಟೇಜಿಗೆ 15ರಿಂದ 30 ವಾಟ್ ವಾಲ್ವ್ ಸಾಕು. ವಾಲ್ವ್ ಇಲ್ಲದ ಆಂಪ್ ಆದರೆ 50 ವಾಟ್ ಮೇಲಿರಲಿ. ಅದು ಒಡೆದರೆ ಚೆನ್ನಾಗಿ ಕೇಳುವುದಿಲ್ಲ, ಆದ್ದರಿಂದ ಒಡೆಯದಷ್ಟು ಅವಕಾಶ ಬೇಕು.

ಸಣ್ಣ ಆಂಪ್‌ನಲ್ಲಿ ನಾಬ್‌ಗಳನ್ನು ಎಲ್ಲಿಡಬೇಕು?

ಆಂಪ್‌ನ ಡಿಸ್ಟಾರ್ಷನ್ ಚಾನೆಲ್ ಮರೆತುಬಿಡಿ. ಕ್ಲೀನ್ ಚಾನೆಲ್‌ನಿಂದ ಶುರುಮಾಡಿ. ಬಾಸ್ 3, ಮಿಡ್ 7, ಟ್ರೆಬಲ್ 5. ರಿವರ್ಬ್ ಸೊನ್ನೆ. ಗಿಟಾರ್‌ನ ವಾಲ್ಯೂಮ್, ಟೋನ್ ಎರಡೂ 10. ಬ್ರಿಡ್ಜ್ ಪಿಕಪ್‌ನಲ್ಲಿ ಜೋರಾಗಿ ಹೊಡೆದಾಗ ನಾದ ಸ್ವಲ್ಪವೇ ಒರಟಾಗುವವರೆಗೆ ಆಂಪ್ ವಾಲ್ಯೂಮ್ ಏರಿಸಿ. ವಾಲ್ವ್ ಇಲ್ಲದ ಆಂಪ್ ಆದರೆ ಒರಟಾಗುವ ಮುಂಚೆಯೇ ನಿಲ್ಲಿಸಿ.

ಈಗ ಟ್ಯೂಬ್ ಸ್ಕ್ರೀಮರ್ ಜಾತಿಯ ಓವರ್‌ಡ್ರೈವ್ ಪೆಡಲ್ ಹಾಕಿ. ಡ್ರೈವ್ ಗಡಿಯಾರದ 10 ಗಂಟೆಗೆ, ಟೋನ್ 12ಕ್ಕೆ, ಲೆವೆಲ್ 3 ಗಂಟೆಗೆ. ಇಲ್ಲೇ ಹೆಚ್ಚಿನವರು ಉಲ್ಟಾ ಮಾಡುವುದು: ಡ್ರೈವ್ ಪೂರ್ತಿ, ಲೆವೆಲ್ ಅರ್ಧ. ಲೆವೆಲ್ ಜಾಸ್ತಿ ಇದ್ದಾಗ ಪೆಡಲ್ ಆಂಪ್‌ನ ಮೊದಲ ಹಂತವನ್ನು ತಳ್ಳುತ್ತದೆ, ಒಡೆಯುವ ಕೆಲಸ ಇಬ್ಬರಲ್ಲಿ ಹಂಚಿಹೋಗುತ್ತದೆ. ಈ ಪೆಡಲ್‌ನ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಬಾಸ್ ಅನ್ನು ಅಷ್ಟಾಗಿ ಒಡೆಯುವುದಿಲ್ಲ, ಹಾಗಾಗಿ ದಪ್ಪ ತಂತಿಗಳು ಕೆಸರಾಗದೆ ಮಿಡ್ ಮುಂದೆ ಬರುತ್ತದೆ.

ಕೊನೆಗೆ ಟ್ರೆಬಲ್ ಮುಟ್ಟಿ. ಚುಚ್ಚಿದರೆ ಮೊದಲು ಗಿಟಾರ್‌ನ ಟೋನ್ ನಾಬ್ 7ಕ್ಕೆ ಇಳಿಸಿ ನೋಡಿ, ಆಂಪ್‌ನದು ಆಮೇಲೆ. ಹಳೇ ಮಾದರಿ ಆಂಪ್‌ಗಳಲ್ಲಿ ಬಾಸ್, ಮಿಡ್, ಟ್ರೆಬಲ್ ಒಂದಕ್ಕೊಂದು ಹೆಣೆದುಕೊಂಡಿವೆ. ಟ್ರೆಬಲ್ ಇಳಿಸಿದರೂ ಮಿಡ್ ಎದ್ದಂತೆ ಕೇಳುತ್ತೆ. ಒಂದೊಂದೇ ನಾಬ್ ಮುಟ್ಟಿ, ಪ್ರತಿ ಸಲ ಅದೇ ನಾಲ್ಕು ಸ್ವರ ನುಡಿಸಿ ಹೋಲಿಸಿ.

ಮಿಡ್ ಅಷ್ಟೊಂದು ಯಾಕೆ? ಮಿಡ್ ತೆಗೆದರೆ ಮನೆಯಲ್ಲಿ ಚೆನ್ನಾಗಿ ಕೇಳುತ್ತಲ್ಲ?

ಮನೆಯಲ್ಲಿ ಒಬ್ಬರೇ ಇರುತ್ತೀರಿ, ಅದಕ್ಕೆ. 22 ಫ್ರೆಟ್ ಗಿಟಾರ್‌ನ ಕಟ್ಟಕಡೆಯ ಸ್ವರವೇ ಸುಮಾರು 1175 ಹರ್ಟ್ಸ್. ಸಣ್ಣ ತಂತಿಯ 12ನೇ ಫ್ರೆಟ್ 659 ಹರ್ಟ್ಸ್. ಅಂದರೆ ಸೋಲೋದ ಮೂಲಸ್ವರಗಳೆಲ್ಲ ಮಿಡ್‌ನಲ್ಲೇ ಕೂತಿವೆ. ಮಿಡ್ ಕಿತ್ತರೆ ಉಳಿಯುವುದು ಸ್ವರದ ಸಿಪ್ಪೆ. ಕೆಳಗೆ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್, ಮೇಲೆ ಸಿಂಬಲ್; ಅವರಿಬ್ಬರ ಮಧ್ಯೆ ಕೀಬೋರ್ಡ್‌ನವರು ಬಿಟ್ಟುಕೊಟ್ಟ ಜಾಗವೇ ನಿಮ್ಮದು.

ಗೇನ್ ವಿಷಯವೂ ಇದೇ. ಗೇನ್ ಏರಿದಂತೆ ಮೀಟಿದ ಹೊಡೆತಕ್ಕೂ ಅದರ ಬಾಲಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ, ಸ್ವರ ಎಲ್ಲಿ ಶುರುವಾಯಿತೆಂದು ಕೇಳುಗರಿಗೆ ಗೊತ್ತಾಗುವುದಿಲ್ಲ. ಗೇನ್ ಪೂರ್ತಿ ತಿರುಗಿಸಿದವರ ಲೀಡ್ ಪೆಂಡಾಲ್‌ನ ಮೂರನೇ ಸಾಲಿಗೂ ತಲುಪದಿರುವುದು ಇದಕ್ಕೇ.

ಫಜ್ ಪೆಡಲ್ ಬೆಳಗ್ಗೆ ಸರಿ ಇತ್ತು, ಮಧ್ಯಾಹ್ನ ಪ್ರೋಗ್ರಾಮ್‌ನಲ್ಲಿ ಹರಿದ ಸೌಂಡ್. ಕೆಟ್ಟುಹೋಯಿತಾ?

ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ದರೆ ಅದು ಬಿಸಿಲಿನ ಕೆಲಸ. 1966ರಲ್ಲಿ ಬಂದ ಫಜ್ ಫೇಸ್‌ನಲ್ಲಿ ಇದ್ದದ್ದು ಎರಡೇ ಟ್ರಾನ್ಸಿಸ್ಟರ್, ಶುರುವಿನವು ಜರ್ಮೇನಿಯಂ. ಬಿಸಿ ಏರಿದಂತೆ ಅವುಗಳೊಳಗಿನ ಸೋರಿಕೆ ಏರಿ ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡುವ ವೋಲ್ಟ್ ಮಟ್ಟ) ಜಾರುತ್ತದೆ. ಏಪ್ರಿಲ್ ತಿಂಗಳ ತುಮಕೂರಿನಲ್ಲಿ, ತಗಡಿನ ಶೀಟ್ ಕೆಳಗಿನ ಸ್ಟೇಜ್‌ನಲ್ಲಿ, ಪೆಡಲ್ ಕೈಗೆ ಬಿಸಿ ತಾಗುವಷ್ಟಾದರೆ ಸ್ವರ ಉಗುಳಿದಂತೆ ತುಂಡಾಗುತ್ತದೆ.

ಪರೀಕ್ಷೆ ಹೀಗೆ: ಹಿಂದಿನ ಪ್ಲೇಟ್ ಬಿಚ್ಚಿ, ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು, ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಾಲಿನ ವೋಲ್ಟ್ ನೋಡಿ. 9 ವೋಲ್ಟ್ ಬ್ಯಾಟರಿಗೆ ಸುಮಾರು 4.5 ಬರಬೇಕು. ಪಿಎನ್‌ಪಿ ಮಾದರಿ ಆದರೆ ಮೈನಸ್ ಚಿಹ್ನೆಯೊಂದಿಗೆ ಅದೇ ಅಂಕಿ. ಒಳಗೆ ಟ್ರಿಮ್ಮರ್ ಇದ್ದರೆ ಅದರಿಂದ ಸರಿಪಡಿಸಿ. ಇಲ್ಲದಿದ್ದರೆ ಆ ಕಾಲಿನ 8.2 ಕಿಲೋ ಓಮ್ ರೆಸಿಸ್ಟರ್ ತೆಗೆದು 20 ಕಿಲೋ ಓಮ್ ಟ್ರಿಮ್ಮರ್ ಹಾಕಿಸಿ. ಬೇಸಿಗೆಯ ಜಾತ್ರೆ ಕಾರ್ಯಕ್ರಮಗಳೇ ಹೆಚ್ಚಿದ್ದರೆ ಸಿಲಿಕಾನ್ ಫಜ್ ತಗೊಳ್ಳಿ. ನಾದ ಸ್ವಲ್ಪ ಚೂಪು, ಆದರೆ ಗಿಟಾರ್ ವಾಲ್ಯೂಮ್ 8ಕ್ಕೆ ಇಳಿಸಿದರೆ ಸಾಕಷ್ಟು ಹತ್ತಿರ ಬರುತ್ತದೆ.

ಇನ್ನೊಂದು ಎಚ್ಚರಿಕೆ: ಹಳೇ ಮಾದರಿಯ ಪಿಎನ್‌ಪಿ ಫಜ್‌ಗಳಲ್ಲಿ ಪಾಸಿಟಿವ್ ಕಡೆಯೇ ಗ್ರೌಂಡ್. ಅದನ್ನು ಉಳಿದ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ನ ಸರಪಳಿ ವೈರಿಗೆ ಸಿಕ್ಕಿಸಿದರೆ ಪವರ್ ಶಾರ್ಟ್ ಆಗುತ್ತದೆ. ಅದಕ್ಕೆ ಪ್ರತ್ಯೇಕ ಬ್ಯಾಟರಿಯೇ ಸರಿ.

ಬಿಗ್ ಮಫ್ ಹಾಕಿದರೆ ಬ್ಯಾಂಡ್ ಶುರುವಾದ ತಕ್ಷಣ ನಾನೇ ಮಾಯ.

ಆ ಸರ್ಕ್ಯೂಟ್ ಮಿಡ್ ಅನ್ನು ತೋಡಿ ತೆಗೆಯುತ್ತದೆ. ಮಫ್ ನಂತರ ಓವರ್‌ಡ್ರೈವ್ ಪೆಡಲನ್ನು ಡ್ರೈವ್ ಸೊನ್ನೆ, ಲೆವೆಲ್ 1 ಗಂಟೆ ಇಟ್ಟು ಆನ್ ಮಾಡಿ. ಮಫ್‌ನ ಸಸ್ಟೇನ್ ಅರ್ಧಕ್ಕೆ ಇಳಿಸಿ. ಮಾಯವಾದ ನೀವು ವಾಪಸ್ ಬರುತ್ತೀರಿ.

ಪೆಡಲ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು?

ಗಿಟಾರ್, ಫಜ್, ವಾ, ಓವರ್‌ಡ್ರೈವ್, ಬೂಸ್ಟ್, ಮಾಡ್ಯುಲೇಷನ್, ಡಿಲೇ, ರಿವರ್ಬ್. ವಾ ಫಜ್‌ಗೆ ಮುಂಚೆಯೂ ಇರಬಹುದು, ಆದರೆ ಜರ್ಮೇನಿಯಂ ಫಜ್ ಜೊತೆ ಕೆಲವೊಮ್ಮೆ ಕೀರಲು ಶುರುಮಾಡುತ್ತದೆ. ಫಜ್‌ಗೆ ಮುಂಚೆ ಬಫರ್ (ಸಿಗ್ನಲ್ ಬಲಪಡಿಸುವ ಸರ್ಕ್ಯೂಟ್) ಇರುವ ಟ್ಯೂನರ್ ಪೆಡಲ್ ಮಾತ್ರ ಬೇಡ: ಫಜ್‌ನ ಇನ್‌ಪುಟ್ ಇಂಪೀಡೆನ್ಸ್ ತೀರಾ ಕಡಿಮೆ, ಅದು ನೇರ ಪಿಕಪ್ ಅನ್ನೇ ನೋಡಬೇಕು. ನಡುವೆ ಬಫರ್ ಬಂದರೆ ನಾದ ಕರ್ಕಶವಾಗಿ, ಗಿಟಾರ್ ವಾಲ್ಯೂಮ್ ಇಳಿಸಿದಾಗ ತಿಳಿಯಾಗುವ ಗುಣ ಹೋಗಿಬಿಡುತ್ತದೆ.

ಸೋಲೋಗೆ ಬೂಸ್ಟ್ ಎಲ್ಲಿ ಅನ್ನುವುದು ಮುಖ್ಯ. ಓವರ್‌ಡ್ರೈವ್‌ಗೆ ಮುಂಚೆ ಇಟ್ಟರೆ ಗೇನ್ ಏರುತ್ತದೆ, ಸದ್ದು ಅಷ್ಟಾಗಿ ಏರುವುದಿಲ್ಲ. ನಂತರ ಇಟ್ಟರೆ ಸದ್ದೇ ಏರುತ್ತದೆ. ಲೀಡ್ ಎದ್ದು ಕೇಳಲು 3ರಿಂದ 6 ಡೆಸಿಬಲ್ ಬೇಕು, ಅದಕ್ಕೆ ನಂತರದ ಜಾಗವೇ ಸರಿ.

ಡಿಲೇ ಎಷ್ಟಿಡಬೇಕು?

ಹಾಡಿನ ಬೀಟ್ ಹಿಡಿದು ಲೆಕ್ಕ ಹಾಕಿ. 60,000ವನ್ನು ನಿಮಿಷದ ಬೀಟ್ ಸಂಖ್ಯೆಯಿಂದ ಭಾಗಿಸಿದರೆ ಒಂದು ಬೀಟ್‌ನ ಮಿಲಿಸೆಕೆಂಡ್. 75ರ ಲಯಕ್ಕೆ 800 ಆಯಿತು, ಅದರ ಅರ್ಧ 400. ನಿಧಾನ ಸೋಲೋಗೆ ಈ 400ರ ಆಸುಪಾಸು ಹಿತ. ಫೀಡ್‌ಬ್ಯಾಕ್ ಎರಡು ಮೂರು ಮರುಕಳಿಕೆ ಸಾಕು. ಮಿಕ್ಸ್ ಇಡುವಾಗ ಒಂದು ಉಪಾಯ: ಡಿಲೇ ಇದೆ ಅಂತ ಗೊತ್ತಾಗುವವರೆಗೆ ಏರಿಸಿ, ಆಮೇಲೆ ಕೂದಲೆಳೆಯಷ್ಟು ಇಳಿಸಿ. ಮರುಕಳಿಕೆಗಳ ಟ್ರೆಬಲ್ ತಗ್ಗಿಸಿ. ಹಳೇ ಟೇಪ್ ಎಕೋಗಳಲ್ಲಿ ಪ್ರತಿ ಸುತ್ತಿಗೂ ನಾದ ಮಂಕಾಗುತ್ತಿತ್ತು, ಅದರಿಂದಲೇ ಅವು ಮೂಲಸ್ವರಕ್ಕೆ ಅಡ್ಡ ಬರುತ್ತಿರಲಿಲ್ಲ.

ಆಂಪ್‌ನ ಪ್ರೀಆಂಪ್‌ನಲ್ಲೇ ಡಿಸ್ಟಾರ್ಷನ್ ತೆಗೆಯುತ್ತಿದ್ದರೆ ಡಿಲೇ ಎಫೆಕ್ಟ್ಸ್ ಲೂಪ್‌ಗೆ (ಪ್ರೀಆಂಪ್ ಮತ್ತು ಪವರ್ ಆಂಪ್ ನಡುವೆ ಪೆಡಲ್ ಸಿಕ್ಕಿಸುವ ಜ್ಯಾಕ್‌ಗಳಿಗೆ) ಹೋಗಬೇಕು, ಇಲ್ಲದಿದ್ದರೆ ಮರುಕಳಿಕೆಗಳೂ ಒಡೆದು ಗಲೀಜಾಗುತ್ತವೆ. ಸಿದ್ಧಗಂಗಾ ಜಾತ್ರೆಯಂಥ ಬಯಲಿನಲ್ಲಿ ರಿವರ್ಬ್ ಸ್ವಲ್ಪ ಹೆಚ್ಚು ನಡೆಯುತ್ತದೆ. ಗಾರೆ ಗೋಡೆಯ ಕಲ್ಯಾಣ ಮಂಟಪದಲ್ಲಿ ಸೊನ್ನೆ ಮಾಡಿ, ಮಂಟಪವೇ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತದೆ.

ಗಿಟಾರ್ ಎಫೆಕ್ಟ್ಸ್ ಪ್ರೊಸೆಸರ್‌ನಿಂದ ನೇರ ಮಿಕ್ಸರ್‌ಗೆ ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ. ಯಾಕೆ?

ನಮ್ಮ ಕಡೆ ಲೀಡ್ ಕೆಡುವ ಒಂದನೇ ಕಾರಣ ಇದೇ. ಗಿಟಾರ್ ಸ್ಪೀಕರ್ ಎಂಬುದು ಸದ್ದು ಹೊರಹಾಕುವ ಡಬ್ಬಿ ಮಾತ್ರವಾಗಿ ಉಳಿದಿಲ್ಲ, ಅದೊಂದು ಫಿಲ್ಟರ್ ಕೂಡ. ಆ ಕಾಲದ ಸೆಲೆಶನ್ ಗ್ರೀನ್‌ಬ್ಯಾಕ್‌ನಂಥ 12 ಇಂಚಿನ ಸ್ಪೀಕರ್ ಕೊಡುವುದು ಸುಮಾರು 75ರಿಂದ 5000 ಹರ್ಟ್ಸ್ ಮಾತ್ರ. ಡಿಸ್ಟಾರ್ಷನ್ ಹುಟ್ಟಿಸುವ ಕೀರಲು ಹಾರ್ಮೋನಿಕ್‌ಗಳು ಅದರಾಚೆ ಇರುತ್ತವೆ, ಸ್ಪೀಕರ್ ಅವನ್ನು ನುಂಗುತ್ತದೆ. ಸ್ಟೇಜ್‌ನ ದೊಡ್ಡ ಬಾಕ್ಸ್‌ಗಳಲ್ಲಿ ಟ್ವೀಟರ್ ಅಥವಾ ಹಾರ್ನ್ ಇದೆ, ಅದು ಅಷ್ಟನ್ನೂ ಜನರ ಮುಖಕ್ಕೆ ಎಸೆಯುತ್ತದೆ.

ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್‌ನ ಸೋಸುವಿಕೆಯನ್ನು ಅನುಕರಿಸುವ ಸೌಲಭ್ಯ) ಇರುತ್ತದೆ. ಅದು ಆನ್ ಆಗಿದೆಯೇ ನೋಡಿ. ಔಟ್‌ಪುಟ್ ಮೆನುವಿನಲ್ಲಿ ಆಂಪ್, ಲೈನ್ ಎಂದು ಎರಡಿದ್ದರೆ ಮಿಕ್ಸರ್‌ಗೆ ಲೈನ್. 12 ಇಂಚಿನ ನಾಲ್ಕು ಸ್ಪೀಕರ್‌ನ ಕ್ಯಾಬಿನೆಟ್ ಮಾದರಿ ಆರಿಸಿ, ಹೈ ಕಟ್ 5ರಿಂದ 6 ಕಿಲೋಹರ್ಟ್ಸ್, ಲೋ ಕಟ್ 90 ಹರ್ಟ್ಸ್ ಹಾಕಿ. ಸಾದಾ ಪೆಡಲ್‌ಗಳಿಂದ ನೇರ ಹೋಗುವುದೇ ಆದರೆ ಕೊನೆಯಲ್ಲಿ ಕ್ಯಾಬ್ ಸಿಮ್ಯುಲೇಟರ್ ಪೆಡಲ್ ಒಂದು ಬೇಕೇ ಬೇಕು. ಮಿಕ್ಸರ್‌ನ ಹೈ ನಾಬ್ ಇಳಿಸಿದರೆ ಆಗುವುದಿಲ್ಲವೇ ಅಂದರೆ, ಅದು ಹೆಚ್ಚಾಗಿ 10–12 ಕಿಲೋಹರ್ಟ್ಸ್ ಸುತ್ತ ಕೆಲಸ ಮಾಡುತ್ತದೆ. ಕೀರಲು ಇರುವುದು ಅದಕ್ಕಿಂತ ಕೆಳಗೆ.

ಇದೇ ಪ್ರೊಸೆಸರ್ ಅನ್ನು ಗಿಟಾರ್ ಆಂಪ್‌ಗೆ ಹಾಕುವಾಗ ಕ್ಯಾಬ್ ಸಿಮ್ಯುಲೇಷನ್ ಆಫ್ ಮಾಡಿ. ಎರಡು ಸಲ ಸೋಸಿದ ನಾದ ಕಂಬಳಿ ಹೊದ್ದ ಹಾಗಿರುತ್ತದೆ.

ಆಂಪ್‌ಗೆ ಮೈಕ್ ಇಡುವುದಾದರೆ ಎಸ್‌ಎಂ57 ಸಾಕು. ಬಲೆಯಿಂದ ಎರಡು ಬೆರಳು ದೂರ, ಸ್ಪೀಕರ್‌ನ ನಡುವಿನ ಗುಂಡು ಟೋಪಿಯ ಅಂಚಿಗೆ ಗುರಿ. ನಡುವಿಗೆ ಸರಿಸಿದರೆ ಚೂಪು, ಹೊರಕ್ಕೆ ಸರಿಸಿದರೆ ಮೃದು. ಕ್ಯಾಬಿನೆಟ್ ಮೇಲಿಂದ ವೈರ್ ಹಿಡಿದು ಮೈಕ್ ತೂಗಿಬಿಡುವ ಅಭ್ಯಾಸ ಮೈಕ್ ಸೆಟ್‌ನವರಿಗಿದೆ. ಆಗ ಮೈಕ್‌ನ ಮೂತಿ ನೆಲ ನೋಡುತ್ತದೆ, ಆ ಮೈಕ್‌ಗೆ ಪಕ್ಕದಿಂದ ಬಂದ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ಚಿಕ್ಕ ಸ್ಟ್ಯಾಂಡ್ ನೀವೇ ಒಯ್ಯಿರಿ.

ಗುಂಯ್ ಅನ್ನುವ ಸದ್ದು ಹೋಗುತ್ತಿಲ್ಲ. ಎಲ್ಲಿಂದ ಹುಡುಕಲಿ?

ಗಿಟಾರ್ ಹಿಡಿದು ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಸದ್ದು ಏರಿಳಿದರೆ ಅದನ್ನು ಪಿಕಪ್ ಗಾಳಿಯಿಂದ ಹಿಡಿಯುತ್ತಿದೆ: ಸಿಂಗಲ್ ಕಾಯಿಲ್, ಪಕ್ಕದಲ್ಲಿ ಅಡಾಪ್ಟರ್, ಚೋಕ್ ಇರುವ ಟ್ಯೂಬ್‌ಲೈಟ್, ಸೀರಿಯಲ್ ಸೆಟ್. ತಿರುಗಿದರೂ ಬದಲಾಗದಿದ್ದರೆ ಪವರ್ ಅಥವಾ ಗ್ರೌಂಡ್ ಲೂಪ್ (ಒಂದಕ್ಕಿಂತ ಹೆಚ್ಚು ಅರ್ಥ್ ದಾರಿ ಸೇರಿ ಆದ ಸುತ್ತು). ಪೆಡಲ್‌ಗಳನ್ನೆಲ್ಲ ಬಿಟ್ಟು ಗಿಟಾರ್ ನೇರ ಆಂಪ್‌ಗೆ ಹಾಕಿ. ಸದ್ದು ನಿಂತರೆ ತಪ್ಪು ಬೋರ್ಡ್‌ನಲ್ಲಿದೆ. ಒಂದೊಂದೇ ಪೆಡಲ್ ಸೇರಿಸುತ್ತ ಬನ್ನಿ. ಡಿಜಿಟಲ್ ಡಿಲೇಯನ್ನು ಫಜ್, ಓವರ್‌ಡ್ರೈವ್ ಜೊತೆ ಒಂದೇ ಅಡಾಪ್ಟರ್‌ನಲ್ಲಿ ಹಂಚಿದ್ದರೆ ಅದೇ ಕಳ್ಳ. ಐಸೊಲೇಟೆಡ್ ಪವರ್ ಸಪ್ಲೈ ಇದಕ್ಕೆ ಸರಿಯಾದ ಮದ್ದು.

ಮನೆಯಲ್ಲಿ ಕರೆಂಟ್ ಹೋಗಿ ಯುಪಿಎಸ್‌ಗೆ ಬಂದ ಕೂಡಲೇ ಗರಗರ ಶುರುವಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಸೈನ್ ವೇವ್ ಬೇಕು. ಗಣೇಶನ ಪೆಂಡಾಲ್‌ಗಳಲ್ಲಿ ಲೈಟಿಂಗ್‌ನವರ ಲೈನಿನಿಂದ ಕರೆಂಟ್ ತಗೊಳ್ಳಬೇಡಿ, ಸೌಂಡ್‌ನವರ ಲೈನಿನಿಂದಲೇ ತಗೊಳ್ಳಿ. ಡಿಮ್ಮರ್ ದೀಪ ಏರಿದಾಗೆಲ್ಲ ಗಿಟಾರ್ ಗೊರಗುಟ್ಟುವುದು ಅಲ್ಲಿಗೇ ನಿಲ್ಲುತ್ತದೆ.

ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತೆ.

ನುಡಿಸುವುದನ್ನು ನಿಲ್ಲಿಸಿ. ಅರ್ಥ್ ಸರಿ ಇಲ್ಲ. ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ಎಸಿ ವೋಲ್ಟ್ ನೋಡಿ: ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಸರಿಮಾಡುವವರೆಗೆ ಆ ಸಾಕೆಟ್ ಬೇಡ. ಆಂಪ್ ಮತ್ತು ಮಿಕ್ಸರ್ ಒಂದೇ ಬೋರ್ಡ್‌ನಿಂದ ಕರೆಂಟ್ ತಗೊಳ್ಳಲಿ. ಗುಂಯ್ ಸದ್ದು ಹೋಗಲೆಂದು ಮೂರು ಪಿನ್ನಿನ ದಪ್ಪ ಪಿನ್ ಕತ್ತರಿಸುವವರಿದ್ದಾರೆ. ಜೀವ ಹೋಗುವ ಕೆಲಸ ಅದು. ಲೂಪ್ ಮುರಿಯಲು ಗ್ರೌಂಡ್ ಲಿಫ್ಟ್ ಇರುವ ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಡಬ್ಬಿ) ಬಳಸಿ, ಅದು ಸಿಗ್ನಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ.

ಅಮೆರಿಕದಿಂದ ತಂದ ವಾಲ್ವ್ ಆಂಪ್ ಇಲ್ಲಿ ಬಳಸಬಹುದಾ?

ಹಿಂದಿನ ಲೇಬಲ್ ಓದಿ. 120 ವೋಲ್ಟ್ ಮಾತ್ರ ಅಂತಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 50 ವಾಟ್ ಒಳಗಿನ ಆಂಪ್‌ಗೆ 500 ವಿಎ ತಗೊಂಡರೆ ನಿಶ್ಚಿಂತೆ. 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ಗಾಳಿಯಾಡಲು ಬಿಡಿ.

ಹಳ್ಳಿ ಕಡೆ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವುದುಂಟು. 190ಕ್ಕೆ ಇಳಿದರೆ ವಾಲ್ವ್ ಹೀಟರ್‌ನ 6.3 ವೋಲ್ಟ್ 5.2 ಆಗುತ್ತದೆ, ನಾದ ಸೊರಗುತ್ತದೆ. ಸ್ಟೆಬಿಲೈಜರ್ ಇಟ್ಟುಕೊಳ್ಳಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಆಂಪ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಬೇಡ. ಎರಡೂ ಕಡೆ ಪಿ-38 (ಕಾಲು ಇಂಚಿನ) ಜ್ಯಾಕ್ ಇರುವುದರಿಂದ ಒಂದೇ ಥರ ಕಂಡರೂ ಒಳಗಿನ ವೈರ್ ಬೇರೆ. ಇನ್ನು ಒಳಗೆ ಕೈ ಹಾಕುವ ಮಾತು: ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ದಾಟಿ ಉಳಿದಿರಬಹುದು. ಗೊತ್ತಿರುವವರಿಗೆ ಕೊಡಿ.

ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ರೆಸಿಸ್ಟರ್, ಜ್ಯಾಕ್, ಪಾಟ್, ಸಿಲಿಕಾನ್ ಟ್ರಾನ್ಸಿಸ್ಟರ್ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ತುಮಕೂರಿನಿಂದ ರೈಲಿನಲ್ಲಿ ಹೋದರೆ ಅರ್ಧ ದಿನದ ಕೆಲಸ. ಪಾಟ್ ಕೇಳುವಾಗ ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ಎಂದು ಸ್ಪಷ್ಟವಾಗಿ ಹೇಳಿ.

ಎಲ್ಲ ಸರಿ ಇಟ್ಟರೂ ಆ ನಾದ ಬರುತ್ತಿಲ್ಲ.

ಕೈ ನೋಡಿಕೊಳ್ಳಿ. ಬೆಂಡ್ ಪೂರ್ತಿ ಸ್ವರಕ್ಕೆ ಮುಟ್ಟುತ್ತಿದೆಯೇ ಎಂದು ಟ್ಯೂನರ್ ಮುಂದೆ ಪರೀಕ್ಷಿಸಿ: ಎರಡನೇ ತಂತಿಯ 8ನೇ ಫ್ರೆಟ್ ಎಳೆದಾಗ 10ನೇ ಫ್ರೆಟ್‌ನ ಸ್ವರ ಬರಬೇಕು. ಸ್ವಲ್ಪ ಕಡಿಮೆಯಾದರೂ ಡಿಸ್ಟಾರ್ಷನ್ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಒಂದು ಬೆರಳಿನಲ್ಲಿ ಎಳೆಯದೆ ಹಿಂದಿನ ಎರಡು ಬೆರಳ ಆಸರೆ ಕೊಡಿ. ವೈಬ್ರೇಟೋ ನಿಧಾನ, ಅಗಲ, ಲಯಕ್ಕೆ ಹೊಂದಿಕೊಂಡು ಇರಲಿ; ನಡುಗುವ ವೈಬ್ರೇಟೋ ಎಷ್ಟು ದುಬಾರಿ ಆಂಪ್‌ನಲ್ಲೂ ಹೆದರಿದಂತೆಯೇ ಕೇಳುತ್ತದೆ. ಪಿಕ್ ದಪ್ಪದ್ದಿರಲಿ, 1 ಮಿ.ಮೀ. ಆಸುಪಾಸು. ಬೇಡದ ತಂತಿಗಳನ್ನು ಬಲಗೈ ಅಂಗೈಯಿಂದ ಸುಮ್ಮನಾಗಿಸಿ.

ಪೆಡಲ್‌ನ 9 ವೋಲ್ಟ್ ಬ್ಯಾಟರಿ ಬೇಗ ಖಾಲಿಯಾಗುತ್ತೆ, ಪೆಡಲ್ ಆಫ್ ಇದ್ದರೂ.

ಕಾಲಲ್ಲಿ ಒತ್ತುವ ಸ್ವಿಚ್ ಎಫೆಕ್ಟ್ ಅನ್ನು ಮಾತ್ರ ಆಫ್ ಮಾಡುತ್ತದೆ. ಬ್ಯಾಟರಿಯ ಸ್ವಿಚ್ ಇರುವುದು ಇನ್‌ಪುಟ್ ಜ್ಯಾಕ್‌ನೊಳಗೆ. ಕೇಬಲ್ ಸಿಕ್ಕಿಸಿದ್ದರೆ ಆನ್, ಕಿತ್ತರೆ ಆಫ್. ಪ್ರೋಗ್ರಾಮ್ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ.